ತಡೆಗಂಬದ ಕೆಳಗೆ ಗುನ್‌ವೋರ್

ನಾರ್ವೆಯ ಆ ಘಟ್ಟದ ಎರಡೂ ಬದಿಗೆ ಗುನ್‌ವೋರ್ ಮೂವತ್ತೊಂದು ವರ್ಷದಿಂದ ಸೂಲಗಿತ್ತಿ. ಬಾಯಿ ಜೋರು, ಕೈ ಮೃದು. ಹಿಮಗಾಳಿ ಎದ್ದಾಗ ತಡೆಗಂಬ ಇಳಿಸಿ ಘಟ್ಟ ಮುಚ್ಚುತ್ತಾರೆ. ಆದರೆ ಹಿಮ ನೂಕುವ ಲಾರಿಯ ಐಲರ್ಟ್ ಕಂಬ ಎತ್ತಿ, ಹಳದಿ ದೀಪ ಎರಡು ಸಲ ಮಿಣುಕಿಸಿದರೆ ಸೂಲಗಿತ್ತಿಗೆ ಅಪ್ಪಣೆ ಸಿಕ್ಕಂತೆ. ಅವಳು ಕಂಬ ದಾಟಿ ಬದಿಗೆ ನಿಲ್ಲಬೇಕು, ಅವನ ಲಾರಿ ಮುಂದೆ ಹೋಗಿ ದಾರಿ ಮಾಡಬೇಕು. ಘಟ್ಟದ ಮೇಲೆ ಐಲರ್ಟ್ ಮಾತೇ ಕಾನೂನು.

ಆ ಫೆಬ್ರವರಿ ಬೆಳಿಗ್ಗೆ ಆಚೆ ಕಣಿವೆಯ ಟೋರಾ ಫೋನಿನಲ್ಲಿ ಕಿರುಚಿದಳು. "ಮಾರೆನ್‌ಗೆ ನೋವು ಶುರುವಾಗಿದೆ ಕಣೇ! ಈ ಗಾಳಿಗೆ ಹೆಲಿಕಾಪ್ಟರ್ ಬರಲ್ವಂತೆ!"

"ನಿನ್ ಮಗಳಿಗೆ ನಾನು ಬರೋತನಕ ತಿಣುಕಬೇಡ ಅನ್ನು. ಹೊರಟೆ."

ದೀಪ ಎರಡು ಸಲ ಮಿಣುಕಿತು. ವಾಡಿಕೆಯಂತೆ ಗುನ್‌ವೋರ್ ಮೊದಲು ಹೊರಟಳು. ಸರಿಯಾಗಿ ಕಂಬದ ಕೆಳಗೆ ಅವಳ ಹೊಸ ಕಾರು ತಾನಾಗಿ ಬ್ರೇಕ್ ಹಾಕಿ ನಿಂತಿತು. ಪರದೆಯ ಮೇಲೆ ಅಕ್ಷರ ಮೂಡಿತು: "ರಸ್ತೆ ಮುಚ್ಚಿದೆ. ಸರ್ಕಾರದ ಆದೇಶದಂತೆ ವಾಹನ ನಿಲ್ಲಿಸಲಾಗಿದೆ." ಹಿಂದೆ ಲಾರಿ, ಪಕ್ಕದಲ್ಲಿ ಬಂಡೆ. ಲಾರಿಯೂ ದಾಟುವಂತಿರಲಿಲ್ಲ.

ಅವಳು ಕಾರು ಕಂಪನಿಗೆ ಫೋನ್ ಮಾಡಿದಳು. ಸಕ್ಕರೆಯಂಥ ದನಿಯ ಹುಡುಗಿ, "ನಿಮ್ಮ ಕಾರು ಕ್ಯಾಮೆರಾದಲ್ಲಿ ಕಾಣಿಸ್ತಿದೆ ಮೇಡಂ. ಹಿಂದಿನ ಸೀಟಲ್ಲಿ ಕೆಂಪು ಚೀಲ ಇದೆ. ಬೆಲ್ಟ್ ಯಾಕೆ ಬಿಚ್ಚಿದ್ರಿ?" ಎಂದಳು.

ಗುನ್‌ವೋರ್ ತನ್ನದೇ ಕಾರಿನಲ್ಲಿ ಯಾರೋ ಹಿಂದೆ ಕೂತಿದ್ದಾರೆ ಅನ್ನಿಸಿ ತಿರುಗಿ ನೋಡಿದಳು.

"ಅದು ಹೆರಿಗೆ ಚೀಲ! ಅಷ್ಟು ಕಾಣ್ಸುತ್ತಲ್ಲ, ಕಾರು ಬಿಡ್ರೀ!"

"ಆದೇಶ ಸರ್ಕಾರದ್ದು. ಅವರು ಹೇಳದೆ ನಾವು ಬಿಡೋಕಾಗಲ್ಲ."

ರಸ್ತೆ ಇಲಾಖೆಗೆ ಫೋನ್ ಮಾಡಿದರೆ ಅಲ್ಲಿಯವನು, "ರಸ್ತೆ ಮುಚ್ಚಿದೆ ಅಂತ ಮಾತ್ರ ನಾವು ಹೇಳೋದು. ಕಾರು ನಿಲ್ಲಿಸಿದ್ದು ಕಂಪನಿ," ಎಂದ. ಅಯ್ಯೋ, ಇವರ ಸುಖಕ್ಕಿಷ್ಟು ಬೆಂಕಿ ಬೀಳ! ಕಂಪನಿ ಇಲಾಖೆಯತ್ತ, ಇಲಾಖೆ ಕಂಪನಿಯತ್ತ ಬೆರಳು ತೋರಿಸುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು.

"ಐಲರ್ಟ್, ನೂಕೋ ಇದನ್ನ!"

"ಹೊಸ ಕಾರು ಕಣೇ, ಪುಡಿಯಾಗತ್ತೆ!"

"ಆಗ್ಲಿ ಮಾರಾಯ, ನೂಕು!"

ಅವಳು ಚೀಲ ಅವುಚಿಕೊಂಡು ಕೆಳಗಿಳಿದಳು. ಲಾರಿಯ ಅಲಗು ಕಾರನ್ನು ಕಂಬದಾಚೆ ತಳ್ಳಿ ಚರಂಡಿಗೆ ಕೆಡವಿತು. ಅವಳು ಲಾರಿ ಹತ್ತಿದಳು.

ಟೋರಾಳ ಮನೆಯಲ್ಲಿ ಸದ್ದಿರಲಿಲ್ಲ. ಮಗು ಹುಟ್ಟಿತ್ತು. ಹೊಕ್ಕುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು ಬಿದ್ದಿತ್ತು, ಅದನ್ನು ಬಿಡಿಸುವುದು ಹೇಗೆಂದು ಟೋರಾಗೆ ಗೊತ್ತಾಗಿರಲಿಲ್ಲ. ಗುನ್‌ವೋರ್‌ಗೆ ಅದು ಒಂದು ಬೆರಳಿನ ಕೆಲಸ. ಅವಳು ಮಗುವಿನ ಬಾಯಿಗೆ ಬಾಯಿಟ್ಟು ಉಸಿರೂದಿದಳು, ಎದೆ ಒತ್ತಿದಳು, ಮತ್ತೆ ಊದಿದಳು. ಮಾರೆನ್ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ ಐಲರ್ಟ್ ಬಂದು ಗುನ್‌ವೋರ್ ಭುಜ ಹಿಡಿದು, ಇನ್ನು ಸಾಕು ಎಂದ.

ಆಗಲೇ ಅವಳ ಜೇಬಿನಲ್ಲಿ ಫೋನ್ ಟಿಂಗ್ ಅಂದಿತು. ತೆಗೆದು ಓದಿದಳು.

"ಯಾರು?" ಟೋರಾ ಕೇಳಿದಳು.

"ಕಾರು," ಅಂದಳು ಗುನ್‌ವೋರ್. "ಈಗ ಹೋಗಬಹುದಂತೆ."