ಬಾಳೆಹಣ್ಣಿಗೆ ಕಾಲು

ಸಾಸ್ತಾನದಲ್ಲಿ ಹೆದ್ದಾರಿಗೆ ತಾಗಿಕೊಂಡೇ ಇರುವ ಪುಟ್ಟ ಚಾ ಅಂಗಡಿಯಲ್ಲಿ ಕುಳಿತು ಕುಂದಾಪುರದ ಬಸ್ಸು ಕಾಯುತ್ತಿದ್ದೆ. ಬಾಗಿಲಲ್ಲಿ ತೂಗುಹಾಕಿದ್ದ ಗೊನೆಯ ಬಾಳೆಹಣ್ಣುಗಳು ನೂಕಾಡಿಕೊಂಡು ಬಸ್ಸು ಹತ್ತುವ ಜನರಂತೆ ಕಂಡವು. ಕೈಲಿದ್ದ ಕಾಗದದಲ್ಲಿ ಅವಕ್ಕೆಲ್ಲ ಕೈಕಾಲು ಕೊಟ್ಟು ಚಿತ್ರ ಬರೆಯತೊಡಗಿದೆ.

“ಹ್ವಾಯ್, ಎಂತ ಬರ್ಕಂತಿದ್ರಿ?” ಅಂಗಡಿಯಾಕೆ ಚಾ ಸೋಸುವುದನ್ನು ಅರ್ಧಕ್ಕೇ ನಿಲ್ಲಿಸಿದರು.

“ಸುಮ್ಮನೆ, ಒಂದು ಚಿತ್ರ ಅಕ್ಕಾ.”

“ಹೋದ್ ಸಲ ಅಳತೆಗೆ ಬಂದವ್ರೂ ಸುಮ್ನೆ ಅಂತ್ಲೇ ಹೇಳಿದ್ರ್. ಕಡಿಗೆ ರೋಡ್ ಅಗ್ಲ ಮಾಡಿ ನಮ್ ಜಗ್ಲಿ ತೆಗ್ದ್ರ್. ತೋರ್ಸಿ ಕಾಂಬ.”

ಕೊಟ್ಟೆ. ನಗುತ್ತಾರೆಂದುಕೊಂಡಿದ್ದೆ. ಅವರು ಕಾಗದದ ಹಿಂಬದಿ ನೋಡಿದರು, ಬೆಳಕಿಗೆ ಹಿಡಿದರು.

“ಬಾಳಿಹಣ್ಣಿಗೆ ಕಾಲ್ ಎಂತಕೆ?”

“ಬಸ್ಸು ಹತ್ತಲಿಕ್ಕೆ.”

ಮುಖದ ಗಂಟು ಸಡಿಲಲಿಲ್ಲ. “ನಮ್ ಅಂಗ್ಡಿ ಎಲ್ಲಿತ್ತ್ ಇದ್ರಗೆ?”

“ಅಂಗಡಿ ಬರೆದೇ ಇಲ್ಲ ಅಕ್ಕಾ.”

ಆಕೆ ಹೊರಗೆ ಹೋಗುತ್ತಿದ್ದ ಲಾರಿಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಕಾಗದವನ್ನು ನನ್ನ ಮುಂದಿಟ್ಟು, ಅದರ ಪಕ್ಕದಲ್ಲೇ ಚಾ ಲೋಟವನ್ನೂ ಇಟ್ಟರು.

“ಹಾಂಗಾರೆ ಅದ್ನೂ ಬರ್ದ್ ಕೊಡಿ,” ಎಂದರು. “ರೋಡಿಂದ ಸ್ವಲ್ಪ ದೂರ ಇರ್ಲಿ.”