ಅತ್ತೆಯ ಬ್ಯಾರನ್ನಿಗೆ ಬಂದ ಮೇಷ್ಟ್ರು

ಕಳೆದ ಆಗಸ್ಟಿನಲ್ಲಿ ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೋಗುತ್ತಿದ್ದಾಗ ಬಸ್ಸಿನ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ಒಳಗೆ ಬಂತು. ಸ್ವಲ್ಪ ಸಿಹಿ, ಸ್ವಲ್ಪ ಘಾಟು, ಬಿಸಿಲಿಗೆ ಕಾದ ಒಣಹುಲ್ಲಿನ ಹಾಗೆ... ಪಕ್ಕದಲ್ಲಿ ಕೂತಿದ್ದವರು ಮೂಗಿಗೆ ಕರ್ಚೀಫು ಹಿಡಿದರು. ನನಗೆ ನಮ್ಮ ಮೇಷ್ಟ್ರು ನೆನಪಾದರು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೆ. ಮೇಷ್ಟ್ರು ನಮಗೆ ಪರಿಸರದ ವಿಷಯ ಪಾಠ ಮಾಡುತ್ತಿದ್ದರು. ಅದನ್ನು ನಾವು 'ಗಿಡ ನೆಡೋ ಸಬ್ಜೆಕ್ಟು' ಎಂದು ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆವು. ಸುಸ್ಥಿರತೆ ಎಂಬ ಪದವನ್ನು ಅವರು ಬಳಸಿದ ನೆನಪು ನನಗಿಲ್ಲ. ಯಾರು ಯಾವ ಯಂತ್ರದ ಚಿತ್ರ ಬರೆದುಕೊಂಡು ಹೋದರೂ, "ಇದು ಏನು ತಿನ್ನುತ್ತೆ? ಅದು ಎಲ್ಲಿಂದ ಬರುತ್ತೆ? ತೀರಿಹೋದ್ಮೇಲೆ ಏನ್ ಮಾಡ್ತೀರಿ?" ಎಂದು ಕೇಳುತ್ತಿದ್ದರು. ಎಷ್ಟೋ ಜನ ಚಿತ್ರ ಸುತ್ತಿಕೊಂಡು ವಾಪಸು ಬರುತ್ತಿದ್ದೆವು.

ಕಡೆಯ ವರ್ಷದ ಪ್ರಾಜೆಕ್ಟಿಗೆ ನಾನು ಕಂಪಲಾಪುರದ ನನ್ನ ಸೋದರತ್ತೆಯ ಬ್ಯಾರನ್ ಆರಿಸಿಕೊಂಡೆ. ಬ್ಯಾರನ್ ಎಂದರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಮಣ್ಣಿನ ಮನೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ತಗಡಿನ ಕೊಳವೆಗಳಲ್ಲಿ ಬಿಸಿ ಒಳಗೆ ಹರಿದು, ಕಡ್ಡಿಗೆ ಕಟ್ಟಿ ತೂಗುಹಾಕಿದ ಎಲೆ ನಿಧಾನವಾಗಿ ಹಳದಿಯಾಗಿ ಒಣಗುತ್ತದೆ. ಅದಕ್ಕೆ ಸುಡುವ ಸೌದೆ ಲೆಕ್ಕವಿಲ್ಲದಷ್ಟು. ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬಳೇ ಅದನ್ನು ನೋಡಿಕೊಳ್ಳುತ್ತಿದ್ದಳು. ಸೌದೆ ವರ್ಷದಿಂದ ವರ್ಷಕ್ಕೆ ದೂರದಿಂದ ಬರುತ್ತಿತ್ತು. ಒಲೆಯನ್ನು ಚಿಕ್ಕದು ಮಾಡಿ, ಕೆಳಗೆ ಕಬ್ಬಿಣದ ಜಾಲರಿ ಇಟ್ಟರೆ ಕಡಿಮೆ ಸೌದೆ ಸಾಕೆಂಬುದು ನನ್ನ ಲೆಕ್ಕಾಚಾರ. ಮೇಷ್ಟ್ರು ಒಪ್ಪಿದರು. ಆದರೆ ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯಬೇಕು ಎಂದರು. ಅತ್ತೆ ತನ್ನ ಒಲೆ ಒಡೆಯಲು ಬಿಟ್ಟುಕೊಟ್ಟಳು.

ಹೊಸ ಒಲೆ ಕಟ್ಟಿ, ಸೊಪ್ಪು ತುಂಬಿ ಬೆಂಕಿ ಹಾಕಿದ ಎರಡನೆಯ ದಿನ ಭಾನುವಾರ. ಗಂಟೆಗೆ ಎಷ್ಟು ತುಂಡು ಸೌದೆ ಹಾಕಬೇಕೆಂದು ಅತ್ತೆಗೆ ಚೀಟಿ ಬರೆದುಕೊಟ್ಟು, ನಾನು ಗೆಳೆಯರ ಜೊತೆ ಪಿರಿಯಾಪಟ್ಟಣಕ್ಕೆ ಸಿನಿಮಾ ನೋಡಲು ಹೋದೆ. ಸಂಜೆ ಬಂದವನೇ ಖಾಲಿ ಸಾಲುಗಳನ್ನು ಅಂದಾಜಿನಲ್ಲಿ ತುಂಬಿದೆ.

ಆರನೆಯ ದಿನ ಬಾಗಿಲು ತೆಗೆದಾಗ ಮೇಷ್ಟ್ರೂ ಬಂದಿದ್ದರು. ಎಲೆ ಹಳದಿಯಾಗಿರಲಿಲ್ಲ. ಬಿಸಿ ಬೇಗ ಏರಿ, ಹಸಿರು ಹಸಿರಾಗಿಯೇ ಗರಿಗರಿಯಾಗಿತ್ತು. ಒಂದು ಬ್ಯಾರನ್ ಸೊಪ್ಪು, ಪೂರ್ತಿ ಹಾಳು. ಅತ್ತೆ ಒಂದು ಎಲೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

ಮೇಷ್ಟ್ರು ನನ್ನ ಪುಸ್ತಕ ತೆರೆದರು. ಭಾನುವಾರದ ಪುಟದಲ್ಲಿ ಅವರ ಬೆರಳು ನಿಂತಿತು. ಅಂಕಿಗಳು ಮೆಟ್ಟಿಲಿನ ಹಾಗೆ ಒಂದೇ ಸಮ ಏರಿದ್ದವು.

"ಮಧ್ಯಾಹ್ನ ಎಲ್ಲಿದ್ದೆ?"

ಹೇಳಿದೆ. ಅವರು ಬೈಯಲಿಲ್ಲ. "ನನಗೆ ಹೇಳಿದರೆ ಸಾಲದು. ನಿನ್ನ ಅತ್ತೆಗೂ ಹೇಳು," ಎಂದರು.

ಹತ್ತು ಹೆಜ್ಜೆ ಆಚೆ ನಿಂತಿದ್ದ ಅತ್ತೆಗೆ ಹೋಗಿ ಹೇಳಿದೆ. ಅತ್ತೆ ತಲೆ ಬಗ್ಗಿಸಿಕೊಂಡೇ ಕೇಳಿದಳು. ಆಮೇಲೆ ಅಂದಳು, "ಗೋಡೆ ಮುಟ್ಟಿದ್ರೆ ಕಾವು ಹೆಚ್ಚಾಯ್ತು ಅಂತ ನನ್ ಕೈಗೆ ಗೊತ್ತಾಯ್ತಿತ್ತು ಕಣೋ. ಓದಿರೋನು ಬರ್ದವ್ನೆ ಅಂತ ನಿನ್ ಚೀಟಿ ನೋಡ್ಕಂಡು ಸುಮ್ಕಾದೆ."

ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತರು. "ತಪ್ಪು ನನ್ನದೂ ಇದೆ ಅಮ್ಮ. ನಿಮ್ಮ ಕೈಯನ್ನ ನಾನು ಮೊದಲು ಕೇಳಬೇಕಾಗಿತ್ತು," ಎಂದರು.

"ಆಗೋಗದೆ ಬುಡಿ ಸಾ. ನನ್ ಒಲೆ ಮೊದ್ಲಿದ್ದಂಗೆ ಕಟ್ಕೊಟ್ಬುಡಿ."

ಎರಡು ದಿನ ಮೇಷ್ಟ್ರು ಮೈಸೂರಿಗೆ ವಾಪಸು ಹೋಗಲಿಲ್ಲ. ಪ್ಯಾಂಟು ಮಡಿಸಿಕೊಂಡು ನನ್ನ ಜೊತೆ ಮಣ್ಣು ತುಳಿದು, ಇಟ್ಟಿಗೆ ಜೋಡಿಸಿ, ಹಳೆಯ ಒಲೆಯನ್ನೇ ಮತ್ತೆ ಕಟ್ಟಿದರು. ಮುಂದಿನ ಸರದಿಗೆ ಎಲೆ ಕಟ್ಟುವ ಹೆಂಗಸರ ಸಾಲಿನಲ್ಲಿ ಕೂತು ಕಡ್ಡಿಗೆ ಸೊಪ್ಪು ಕಟ್ಟಲು ಕಲಿತರು. ಅವರು ಕಟ್ಟಿದ್ದು ಉದುರುತ್ತಿತ್ತು. ಹೆಂಗಸರು ನಗುತ್ತ ಮತ್ತೆ ಕಟ್ಟುತ್ತಿದ್ದರು. ಕೈಯಿಂದ ಕಾವು ಹೇಗೆ ಗೊತ್ತಾಗುತ್ತದೆ, ಎಲೆ ಬಣ್ಣ ತಿರುಗುವುದು ಯಾವಾಗ ಎಂದು ಅತ್ತೆಯನ್ನು ಕೇಳಿ ಕೇಳಿ ಬರೆದುಕೊಂಡರು. ಅತ್ತೆಯ ಬೇಸರ ಕರಗಿದ್ದು ಆ ಪ್ರಶ್ನೆಗಳಿಂದಲೇ ಇರಬೇಕು.

ಮೂರನೆಯ ಸರದಿಯ ಹೊತ್ತಿಗೆ ಅವಳೇ ಅಂದಳು, "ಒಲೆ ಚಿಕ್ಕದು ಮಾಡ್ಬ್ಯಾಡಿ. ಆ ಜಾಲರಿ ಒಂದ ಇಕ್ಕಿ ನೋಡನ. ಸೌದೆ ನಾನ್ ಆಕ್ತೀನಿ, ನೀವು ಬರ್ಕಳಿ."

ಈ ಸಲ ನಾನು ಕದಲಲಿಲ್ಲ. ಅವಳು ಗೋಡೆ ಮುಟ್ಟಿ ಹೇಳಿದ್ದೂ ಥರ್ಮಾಮೀಟರ್ ತೋರಿಸಿದ್ದೂ ಹೆಚ್ಚೂಕಡಿಮೆ ಒಂದೇ ಆಗಿತ್ತು. ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ಬಂತು. ಹಿತ್ತಿಲಿನಲ್ಲಿ ಸೌದೆಯ ರಾಶಿಯೂ ಎಂದಿಗಿಂತ ಹೆಚ್ಚು ಉಳಿಯಿತು. ಮರುವರ್ಷ ಅಕ್ಕಪಕ್ಕದವರೂ ಜಾಲರಿ ಹಾಕಿಸಿಕೊಂಡರೆಂದು ಕೇಳಿದೆ.

ಪ್ರಾಜೆಕ್ಟಿನ ವರದಿಯಲ್ಲಿ ಹಾಳಾದ ಆ ಸೊಪ್ಪಿನ ಕಥೆಯನ್ನೂ, ನನ್ನ ಸುಳ್ಳು ಅಂಕಿಗಳನ್ನೂ ಮೇಷ್ಟ್ರು ನನ್ನ ಕೈಯಿಂದಲೇ ಬರೆಸಿದರು. ಮೊದಲ ಪುಟದಲ್ಲಿ ನನ್ನ ಹೆಸರಿನ ಮೇಲೆ ಅತ್ತೆಯ ಹೆಸರಿತ್ತು. ಪರೀಕ್ಷಕರಾಗಿ ಬಂದವರು ಆ ಹೆಸರು ನೋಡಿ, ಇವರು ಯಾವ ಕಾಲೇಜಿನವರೆಂದು ಕೇಳಿದರು. "ಒಲೆ ಬಲ್ಲವರು ಸರ್," ಎಂದರು ಮೇಷ್ಟ್ರು. ನನಗೆ ಅಂಕ ಕಡಿಮೆಯೇ ಬಂತು. ಆದರೆ ಆಮೇಲಿನ ಇಷ್ಟು ವರ್ಷಗಳಲ್ಲಿ, ನೋಡದ ಅಂಕಿಯೊಂದನ್ನು ನಾನು ಎಲ್ಲಿಯೂ ಬರೆದಿಲ್ಲ. ಅದು ಅವರು ಕೊಟ್ಟದ್ದು. ಅದನ್ನು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಹೇಳಲಿಲ್ಲ... ಕಳೆದ ಜುಲೈನಲ್ಲಿ ಅವರು ತೀರಿಕೊಂಡರು.

ಅವತ್ತು ಬಸ್ಸಿನಲ್ಲಿ ಹೊರಟಿದ್ದು ಆ ಸುದ್ದಿಯನ್ನು ಅತ್ತೆಗೆ ತಿಳಿಸಲಿಕ್ಕೆ. ಅವಳಿಗೀಗ ಕಣ್ಣು ಮಂಜು. ಜಗಲಿಯಲ್ಲಿ ಕೂತು ಕೇಳಿಸಿಕೊಂಡಳು.

"ಹೇಳ್ಕೊಡಕ್ಕೆ ಬಂದೋರು ಬೇಕಾದಷ್ಟು ಜನ. ಕೇಳಕ್ಕೆ ಬಂದೋರು ಅವ್ರೊಬ್ರೇಯ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಈಗ ಮೇಷ್ಟ್ರೇ ಅಲ್ವೇನ್ಲಾ. ನೀನು ಕೇಳ್ತೀಯಾ?"

ಹೂಂ ಎನ್ನಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.