ಮುಂಜಾನೆ ನಾಯಿಗಳ ಜೋಡಿ ನಡೆಯುವ ಮಾಳವ್ವ

ನರಗುಂದದ ಗುಡ್ಡ, ಅದರ ಮೇಲಿನ ಕೋಟೆ ಇನ್ನೂ ಒಂದೇ ಕಪ್ಪು ಮುದ್ದೆಯಾಗಿ ನಿಂತಿರುವ ಹೊತ್ತು. ಪೇಟೆಯ ಓಣಿಯಲ್ಲಿ ಮಾಳವ್ವ ಒಂದೊಂದೇ ಬಾಗಿಲಿಗೆ ಹೋಗಿ ಚಿಲಕ ಅಲ್ಲಾಡಿಸುತ್ತಾಳೆ. ಮನೆಯವರು ಏಳುವ ಮೊದಲೇ ಒಳಗೆ ಉಗುರು ಕೆರೆಯುವ ಸದ್ದಾಗುತ್ತದೆ. ನಿದ್ದೆಗಣ್ಣಿನ ಯಾರೋ ಬಾಗಿಲು ತೆರೆದು ಹಗ್ಗದ ತುದಿಯನ್ನು ಆಕೆಯ ಕೈಗಿಟ್ಟು ಮತ್ತೆ ಒಳಗೆ ಹೋಗುತ್ತಾರೆ. ಓಣಿ ದಾಟುವಷ್ಟರಲ್ಲಿ ಐದು ಮನೆಯ ನಾಯಿಗಳು ಆಕೆಯ ಸುತ್ತ ಕೂಡಿರುತ್ತವೆ. ಎಲ್ಲವೂ ಮುಧೋಳದ ಕಡೆಯ ತಳಿ. ಉದ್ದ ಮೂತಿ, ಒಳಗೆ ಸೇದಿಕೊಂಡ ಹೊಟ್ಟೆ, ಕಡ್ಡಿಯಂಥ ಕಾಲು.

ಸೀರೆಯ ಕಚ್ಚೆ ಬಿಗಿದು, ತಲೆಗೆ ಕಂಬಳಿಯ ಕೊಪ್ಪೆ ಹಾಕಿಕೊಂಡು ಆಕೆ ಗುಡ್ಡದ ಮಗ್ಗುಲಿನ ಬಂಡಿದಾರಿ ಹಿಡಿಯುತ್ತಾಳೆ. ಎರಡೂ ಕಡೆ ಎರೆಹೊಲ, ಮೊಣಕಾಲುದ್ದ ಹತ್ತಿ. ಎದುರಿಗೆ ದನ ಬಂದರೆ ಆಕೆ ನಿಲ್ಲುತ್ತಾಳೆ, ನಾಯಿಗಳೂ ನಿಲ್ಲುತ್ತವೆ. ಆಕೆ ಜೋರು ಮಾಡುವುದನ್ನು ಯಾರೂ ಕೇಳಿಲ್ಲ. ನಾಲಿಗೆಯಿಂದ ಒಂದು ಲೊಚ್ ಎಂಬ ಸದ್ದು, ಅಷ್ಟೇ.

“ಮೊದಲಮೊದಲ ಮಂದಿ ಭಾಳ ನಗತಿದ್ರು. ಹೆಂಗಸು ಆಗಿ ನಾಯಿ ಹಿಡಕೊಂಡು ತಿರಗತಾಳ ಅಂತಿದ್ರು. ನನಗೂ ನಾಚಿಕಿ ಆಗತಿತ್ರಿ. ಆದ್ರ ನಾಯಿಗೆ ಅದೆಲ್ಲಾ ಏನ್ ಗೊತ್ತು? ಅವು ಬಾಗಲದಾಗ ಕಾಯತಿದ್ವು,” ಎನ್ನುತ್ತಾಳೆ.

ಮಾಳವ್ವ ಮುಶಿಗೇರಿಯ ಕುರಿಗಾರರ ಮನೆಯ ಮಗಳು. ನಡೆಯಲು ಕಲಿತದ್ದೇ ಹಟ್ಟಿಯ ನಾಯಿಯ ಕಿವಿ ಹಿಡಿದು. ಮದುವೆಯಾಗಿ ಬಂದದ್ದು ನರಗುಂದದ ಹನಮಪ್ಪನ ಮನೆಗೆ. ಹನಮಪ್ಪ ಹತ್ತಿ ವ್ಯಾಪಾರದ ಪ್ರಭುಲಿಂಗಪ್ಪನವರ ವಾಡೆಯಲ್ಲಿ ಬೇಟೆನಾಯಿ ನೋಡಿಕೊಳ್ಳುತ್ತಿದ್ದ. ಸುಗ್ಗಿ ಮುಗಿದ ಮೇಲೆ ಧಣಿಗಳ ಜೋಡಿ ಮೊಲದ ಬೇಟೆಗೆ ಹೋಗುವುದು, ಉಳಿದ ದಿನ ನಾಯಿಗಳನ್ನು ತಿರುಗಾಡಿಸಿ, ಮೈ ತಿಕ್ಕಿ, ನುಚ್ಚು ಹಾಕುವುದು ಅವನ ಕೆಲಸ.

ಒಂದು ಚಳಿಗಾಲ ಜ್ವರ ಬಂದು ಹನಮಪ್ಪ ತೀರಿಕೊಂಡ. ವಾಡೆಯ ನಾಯಿಗಳು ನುಚ್ಚು ಮುಟ್ಟಲಿಲ್ಲ. ಆಳುಗಳು ಹತ್ತಿರ ಹೋದರೆ ಹಲ್ಲು ತೋರಿಸಿದವು. ಆಗ ಪ್ರಭುಲಿಂಗಪ್ಪನವರ ತಾಯಿ ಶೇಖವ್ವ ತಾವೇ ಮಾಳವ್ವನ ಗುಡಿಸಲಿಗೆ ಬಂದರು.

“ಮಾಳವ್ವಾ, ನಿನ್ನ ದುಃಖ ನನಗ ತಿಳೀತೈತಿ. ಆದ್ರ ಅವೂ ಉಪಾಸ ಅದಾವ. ನಿನ್ನ ಮೈಮ್ಯಾಲೆ ಹನಮಪ್ಪನ ಕಂಬಳಿ ಐತಲ್ಲ, ಅದನ್ನ ಹೊತಗೊಂಡು ಒಮ್ಮೆ ಬಾ,” ಎಂದರು.

ಮಾಳವ್ವ ಹೋದಳು. ನಾಯಿಗಳು ಕಂಬಳಿ ಮೂಸಿದವು. ಆಕೆ ಅವುಗಳ ನಡುವೆ ಕೂತು ಅತ್ತಳು. ಸತ್ತ ಮನೆಯಲ್ಲಿ ಬಾರದ ಅಳು ಅಲ್ಲಿ ಬಂತು. ಆಮೇಲೆ ಕೈಯಿಂದ ನುಚ್ಚು ಹಾಕಿದಳು, ತಿಂದವು. ಮರುದಿನ ಬೆಳಗಾಗುವ ಮುಂಚೆ ಹಗ್ಗ ಹಿಡಿದು ಹೊರಟಳು.

ಉಳಿದ ಮನೆಗಳು ಸಿಕ್ಕಿದ್ದು ಹುಚ್ಚುನಾಯಿಯ ಗದ್ದಲದ ವರ್ಷ. ಊರಲ್ಲಿ ಒಂದು ಆಕಳ ಕರು ಹುಚ್ಚು ಹಿಡಿದು ಸತ್ತಿತು. ಜನ ಬಡಿಗೆ ಹಿಡಿದು ಬೀದಿಯಲ್ಲಿ ಕಂಡ ನಾಯಿಯನ್ನೆಲ್ಲ ಹೊಡೆದರು. ನಾಯಿ ಸಾಕಿದವರು ಹೆದರಿ ಹಗಲು ರಾತ್ರಿ ಸರಪಳಿ ಬಿಗಿದರು. ಕಟ್ಟಿದಲ್ಲೇ ಕಟ್ಟಿದ ನಾಯಿಗಳು ಮನೆಯವರಿಗೇ ಬಾಯಿ ಹಾಕತೊಡಗಿದವು. ಮಾಳವ್ವ ಮನೆಮನೆಗೆ ಹೋದಳು. “ಬಿಟ್ರ ಮಂದಿ ಕೊಲ್ತಾರ, ಕಟ್ಟಿದ್ರ ಅದ ಸಾಯತೈತಿ. ಮುಂಜಾನಿ ನನ್ನ ಕೈಗೆ ಕೊಡ್ರಿ. ದನದ ದವಾಖಾನಿಗೆ ಒಯ್ದು ಸೂಜಿ ಹಾಕಸ್ರಿ, ಕೊರಳಿಗೊಂದು ಪಟ್ಟಿ ಹಾಕ್ರಿ, ಯಾರ ನಾಯಿ ಅಂತ ಮಂದಿಗೆ ಗೊತ್ತಾಗ್ಲಿ,” ಎಂದಳು. ಕೆಲವರು ಬೈದು ಕಳಿಸಿದರು. ನಾಲ್ಕು ಮನೆಯವರು ಕೊಟ್ಟರು. ಸುಗ್ಗಿಗೆ ಜೋಳ, ವರ್ಷಕ್ಕೊಂದು ಸೀರೆ, ಇದು ಆಕೆಯ ಸಂಬಳ.

ಆದರೆ ಆಕೆಯ ಮಾತು ಎಲ್ಲಿಂದ ಶುರುವಾದರೂ ಹೋಗಿ ನಿಲ್ಲುವುದು ಚಿಗರಿಯ ಹತ್ತಿರ.

ಹನಮಪ್ಪ ಸತ್ತ ತಿಂಗಳಲ್ಲೇ ವಾಡೆಯಲ್ಲಿ ಹುಟ್ಟಿದ ಹೆಣ್ಣುಮರಿ ಅದು. ತಾಯಿಗೆ ಹಾಲಿರಲಿಲ್ಲ. ಮಾಳವ್ವ ಆಡಿನ ಹಾಲಲ್ಲಿ ಅರಿವೆ ಅದ್ದಿ ಚೀಪಿಸಿ ಬೆಳೆಸಿದಳು. ಓಡಿದರೆ ಹೊಲದಲ್ಲಿ ಚಿಗರಿ, ಅಂದರೆ ಜಿಂಕೆ, ಜಿಗಿದಂತೆ, ಹಾಗಾಗಿ ಅದೇ ಹೆಸರು. ಬೊಗಳುವುದೇ ಅಪರೂಪ. ಏನಾದರೂ ಬೇಕಿದ್ದರೆ ಬಂದು ಮೂತಿಯನ್ನು ಆಕೆಯ ಅಂಗೈಯಲ್ಲಿ ಇಡುತ್ತಿತ್ತು.

ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬರುವ ಮುಂಚಿನ ಮಳೆಗಾಲ. ಕೋಟೆ ನೋಡಲು ಸೊಲ್ಲಾಪುರದ ಕಡೆಯಿಂದ ಒಬ್ಬ ಮಿಲಿಟರಿ ಸಾಹೇಬರು ಬಂದು ವಾಡೆಯಲ್ಲಿ ಇಳಿದರು. ಚಿಗರಿ ಓಡುವುದನ್ನು ಕಂಡು ಬೆರಗಾದರು. ಊಟದ ಹೊತ್ತಿಗೆ ಪ್ರಭುಲಿಂಗಪ್ಪನವರು ಹುರುಪಿನಲ್ಲಿ, “ಒಯ್ಯಿರಿ ಸಾಹೇಬ್ರ, ನಿಮ್ಮದ ಅಂತ ತಿಳೀರಿ,” ಎಂದುಬಿಟ್ಟರು. ಅಂಗಳದಲ್ಲಿದ್ದ ಮಾಳವ್ವನ ಕಿವಿಗೆ ಆ ಮಾತು ಬಿತ್ತು.

ಸಂಜೆ ಧಣಿಗಳ ಮುಂದೆ ನಿಂತು, “ಕೊಟ್ಟೀರಿ, ಅದು ನಿಮ್ಮ ಮಾತು. ಸ್ಟೇಶನ್ ಮಟಾ ನಾನ ಕರಕೊಂಡು ಹೋಗ್ತೀನ್ರಿ. ಬ್ಯಾರೇದವ್ರು ಜಗ್ಗಿದ್ರ ಅದು ಅಂಜತೈತಿ,” ಎಂದಷ್ಟೇ ಕೇಳಿದಳು.

ಸಾಹೇಬರು ಮೋಟಾರಿನಲ್ಲಿ ಮುಂದೆ ಹೋದರು. ಮಾಳವ್ವ, ಚಿಗರಿ ಚಕ್ಕಡಿಯಲ್ಲಿ ಹೊಳೆಆಲೂರಿಗೆ ಹೊರಟರು. ದಾರಿಯಲ್ಲಿ ಬೆಣ್ಣೆಹಳ್ಳ ತುಂಬಿ ಬಂದಿತ್ತು. ಚಕ್ಕಡಿಯವನು ಎತ್ತು ಬಿಚ್ಚಿ ಹಳ್ಳ ಇಳಿಯಲೆಂದು ಕಾದ. ಮಾಳವ್ವ ಚಿಗರಿಯ ತಲೆ ತೊಡೆಯ ಮೇಲಿಟ್ಟುಕೊಂಡು, ಇಳಿಯದಿರಲಿ ಎಂದು ಕೂತಳು. ಮಧ್ಯಾಹ್ನಕ್ಕೆ ಹಳ್ಳ ಇಳಿಯಿತು.

ಸ್ಟೇಶನ್ನಿನಲ್ಲಿ ಹಮಾಲಿ ಮಾಡುವ ಮದರಸಾಬ ಸಿಕ್ಕ. ಸಾಹೇಬರಿಗೆ ಕನ್ನಡ ಅರ್ಧಂಬರ್ಧ. ಮಾಳವ್ವ ಹೇಳಿದ್ದನ್ನೆಲ್ಲ ಅವನೇ ಹಿಂದಿಯಲ್ಲಿ ತಿಳಿಸಿದ: ಕಟ್ಟಿ ಹಾಕಬಾರದು, ದಿನಾ ಮುಂಜಾನೆ ಬಯಲಿಗೆ ಕರೆದೊಯ್ಯಬೇಕು, ಉಂಡ ಕೂಡಲೇ ಓಡಿಸಬಾರದು, ಹಗ್ಗ ಜಗ್ಗಬಾರದು. ಸಾಹೇಬರು ತಲೆಯಾಡಿಸಿದರು. ಗಾರ್ಡಿನ ಡಬ್ಬಿಗೆ ಚಿಗರಿ ಹತ್ತಲೊಲ್ಲದು. ಮಾಳವ್ವ ಮೊದಲು ತಾನು ಹತ್ತಿದಳು, ಅದು ಹಿಂದೆಯೇ ಹತ್ತಿತು. ಅದನ್ನು ಕೂಡಿಸಿ, ಆಕೆ ಇಳಿದಳು.

“ಅದು ಒದರಲಿಲ್ರಿ. ನನ್ನನ್ನ ನೋಡತಾ ಕೂತಿತ್ತು. ಇಳದು ಒಂದೀಟು ನೀರು ಕುಡದು ಬರತಾಳ ಅಂತ ತಿಳದಿತ್ತೋ ಏನೋ.”

ಊರಿಗೆ ಮರಳಿದ ಮೇಲೂ ಆಕೆ ಕೆಲಸ ಬಿಡಲಿಲ್ಲ. ವಾಡೆಯಲ್ಲಿ ಚಿಗರಿ ಮಲಗುತ್ತಿದ್ದ ಮೂಲೆಯನ್ನು ದಿನಾ ಗುಡಿಸುತ್ತಿದ್ದಳು. ಅದನ್ನು ಕಂಡ ಶೇಖವ್ವ ಒಂದು ದಿನ ಮಗನನ್ನು ಕರೆದು, “ಹೆಣ್ಣು ಕೊಡಬೇಕಾದ್ರ ಮನಿತನ ನೋಡ್ತೀವಿ. ಇದನ್ನ ಕೊಡಬೇಕಾದ್ರ ಹೆತ್ತಾಕಿನ್ನ ಒಂದು ಮಾತು ಕೇಳೂದ ಬ್ಯಾಡಿತ್ತೇನು?” ಎಂದರು. ಪ್ರಭುಲಿಂಗಪ್ಪನವರು ತಲೆ ತಗ್ಗಿಸಿದರು. ಇನ್ನು ಮೇಲೆ ಮಾಳವ್ವ ಹೂಂ ಅನ್ನದೆ ವಾಡೆಯ ಮರಿ ಹೊಸ್ತಿಲು ದಾಟುವುದಿಲ್ಲ ಎಂದು ಅವತ್ತೇ ತಾಯಿಗೆ ಮಾತು ಕೊಟ್ಟರು.

ಮದರಸಾಬ ಸಂತೆಗೆ ಬಂದಾಗ ಸುದ್ದಿ ತರುತ್ತಾನೆ. ಹೋದ ಶ್ರಾವಣದಲ್ಲಿ ಬಂದು, “ಯಕ್ಕಾ, ಗಾರ್ಡ್ ಸಾಹೇಬ್ರು ಸೊಲ್ಲಾಪುರದಾಗ ನೋಡ್ಯಾರಂತ. ಮೈ ತುಂಬ್ಕೊಂಡೈತಿ. ರೈಲ ಕೂಗಿದ್ರ ಸಾಕು, ಜೋರ ಬೊಗಳತೈತಂತ,” ಎಂದ. ಮಾಳವ್ವ ಖುಷಿಪಟ್ಟು ಅವನಿಗೆ ರೊಟ್ಟಿ ಉಣ್ಣಿಸಿ ಕಳಿಸಿದಳು.

“ಚಿಗರಿ ಬೊಗಳೂದಿಲ್ರಿ,” ಎಂದು ಆಕೆ ಈಗ ಮೆಲ್ಲಗೆ ಹೇಳುತ್ತಾಳೆ. “ಮದರಸಾಬ ನನ್ನ ಸಮಾಧಾನಕ್ಕ ಹೇಳತಾನ. ಅವ ನೋಡಿಲ್ಲ, ಗಾರ್ಡೂ ನೋಡಿಲ್ಲ. ಆದ್ರೂ ಅವ ಬರೂ ದಾರಿ ಕಾಯತೀನಿ. ಅದರ ಹೆಸರರ ಕಿವಿಗೆ ಬೀಳತೈತಲ್ಲ.”

ಈ ವರ್ಷ ವಾಡೆಯಲ್ಲಿ ಮರಿಗಳಾಗಿವೆ. ಕೇಳಿ ಬಂದವರಿಗೆ ಮಾಳವ್ವನದು ಒಂದೇ ಮಾತು, ಮುಂಜಾನೆ ಬಂದು ನನ್ನ ಜೋಡಿ ನಡೆಯಿರಿ. ರೋಣದ ಒಬ್ಬರು ಹೊತ್ತೇರಿದ ಮೇಲೆ ಆಳನ್ನು ಕಳಿಸಿದರು. ಮರಿ ಸಿಗಲಿಲ್ಲ. ಗಜೇಂದ್ರಗಡದ ಕಾಳಿನ ವ್ಯಾಪಾರಿ ಶಿವನಪ್ಪ ಎಂಬ ದಢೂತಿ ಮನುಷ್ಯ ಏದುಸಿರು ಬಿಡುತ್ತ ಬಂಡಿದಾರಿಯ ತನಕ ಬಂದರು, ಮರುದಿನವೂ ಬಂದರು. ಕಾಲಿಗೆ ಬೊಬ್ಬೆ ಎದ್ದಿದ್ದವು. ಮಾಳವ್ವ ಒಂದು ಹೆಣ್ಣುಮರಿ ಎತ್ತಿ ಅವರ ತೋಳಿಗಿಟ್ಟಳು. “ಸಂತಿಗೆ ಬಂದಾಗ ಕರಕೊಂಡು ಬರ್ರಿ. ದೂರಿಂದರ ನೋಡ್ತೀನಿ,” ಎಂದಳು.

ಬಿಸಿಲೇರುತ್ತದೆ. ಕೊನೆಯ ನಾಯಿಯನ್ನು ಮನೆ ಮುಟ್ಟಿಸಿ ಮಾಳವ್ವ ಕಟ್ಟೆಯ ಮೇಲೆ ಕೂರುತ್ತಾಳೆ. ಒಮ್ಮೆ ರೈಲು ಹತ್ತಿ ಹೋಗಿ ನೋಡಿ ಬರುವ ಮನಸ್ಸಿಲ್ಲವೇ ಎಂದು ಕೇಳಿದರೆ ತಲೆಯ ಕಂಬಳಿ ತೆಗೆದು ತೊಡೆಯ ಮೇಲೆ ಮಡಚುತ್ತಾಳೆ.

“ಇಲ್ರಿ. ಹೋದ್ರ ಮತ್ತೊಮ್ಮೆ ಬಿಟ್ಟು ಬರಬೇಕಾಗತೈತಿ. ಅದಕ್ಕ ಅದು ತಿಳಿಯಂಗಿಲ್ಲ. ನಾ ಅಲ್ಲಿಗೆ ಹೋಗೂದು ಬ್ಯಾಡ. ಅಲ್ಲಿ ಬೆಳಗಾದ ಕೂಡಲೆ ಯಾರರ ಒಬ್ರು ಅದರ ಜೋಡಿ ಹೊರಗ ನಡೀತಿರಬೇಕು, ಅಷ್ಟ ಆಗ್ಲಿ.”